ಯಾರನ್ನೂ ಕೇಳಬೇಕಿಲ್ಲದ ಫೋನು

ರಂಜಿನಿ,

ಭಾನುವಾರ ಒಂದು ದಿನವಾದರೂ ಮಲಗಲಿ ಎಂದು ನಿನ್ನನ್ನು ಎಬ್ಬಿಸಲಿಲ್ಲ. ಉಪ್ಪಿಟ್ಟು ಮುಚ್ಚಿಟ್ಟಿದ್ದೇನೆ. ನಲ್ಲಿಯಲ್ಲಿ ನೀರು ಎಂಟಕ್ಕೆ ಬರುತ್ತದೆ, ಡ್ರಮ್ಮು ತುಂಬಿಸಿಕೋ.

ನಾನು ಏಳರ ಬಸ್ಸಿಗೆ ಚಾಮರಾಜನಗರಕ್ಕೆ ಹೋಗುತ್ತಿದ್ದೇನೆ, ಹೊಸ ಫೋನು ಬದಲಾಯಿಸಲು. ನಿನ್ನೆ ನೀನು ಸಿಡುಕಿದ್ದು ಸರಿಯೇ. "ಎಷ್ಟ್ ಸಲ ಹೇಳ್ಕೊಡ್ಲಿ ಅತ್ತೆ? ಸುಮ್ನೆ ಮೊದ್ಲಿನ್ ತರ ವಿವೋನೇ ತಕಂಡಿದ್ರೆ ಆಯ್ತಿರ್ಲಿಲ್ವಾ?" ಅಂದೆ.

ಕೊಳ್ಳುವ ದಿನ ಫೋನ್ ಅಂಗಡಿಯ ಪುಟ್ಟರಾಜುವೂ ಅದನ್ನೇ ಹೇಳಿದ್ದ. "ಹಳೇ ಕಂಪ್ನಿದೇ ತಕ್ಕಳಿ ಸೋಮಮ್ಮೋರೇ. ಎಲ್ಲಾ ಇದ್ದ ಜಾಗ್ದಲ್ಲೇ ಇರ್ತದೆ. ಯಾರ್ನೂ ಏನೂ ಕೇಳಂಗಿರಲ್ಲ."

ಯಾರನ್ನೂ ಕೇಳದೆ ಇರುವುದೇ ನನಗೆ ಬೇಡವಾಗಿತ್ತು. ನಿನ್ನ ಗಂಡ ತರಕಾರಿ ಲಾರಿ ಹತ್ತಿ ಕೇರಳಕ್ಕೆ ಹೋದನೆಂದರೆ ಈ ಗುಂಡ್ಲುಪೇಟೆ ಮನೆಯಲ್ಲಿ ನಾವಿಬ್ಬರೇ. ನೀನು ಆಫೀಸಿನಿಂದ ಬರುತ್ತೀಯ, ಉಣ್ಣುತ್ತೀಯ, ಕೋಣೆ ಸೇರುತ್ತೀಯ. ಅದಕ್ಕೇ ನನಗೆ ತಲೆಬುಡ ಗೊತ್ತಿಲ್ಲದ ಸ್ಯಾಮ್ಸಂಗನ್ನೇ ಕೊಡು ಎಂದೆ. ಅಕ್ಷರ ದೊಡ್ಡದು ಮಾಡುವುದು, ಫೋಟೊ ಹುಡುಕುವುದು ಅಂತ ನಾಲ್ಕು ಸಂಜೆ ನನ್ನ ಪಕ್ಕ ಕೂತು ಕಲಿಸಿದೆಯಲ್ಲ, ಎರಡನೆಯ ಸಂಜೆಗೇ ನನಗೆಲ್ಲ ಬಂದಿತ್ತು. ಆಮೇಲೆ ಗೊತ್ತಿಲ್ಲವೆಂದು ಕೇಳಿದ್ದೆಲ್ಲ ಸುಳ್ಳು. ಕೋಪ ಮಾಡಿಕೊಳ್ಳಬೇಡ.

ಇಷ್ಟವಾಗದಿದ್ದರೆ ವಾರದೊಳಗೆ ತನ್ನಿ ಎಂದಿದ್ದ ಪುಟ್ಟರಾಜು, ಇವತ್ತೇ ಕೊನೆಯ ದಿನ. ಅಂಗಡಿ ತೆಗೆಯುವುದು ಹತ್ತಕ್ಕೆ. ಅಷ್ಟರಲ್ಲಿ ನೀನು ಫೋನ್ ಮಾಡಿ, ಇದೇ ಇರಲಿ, ಬನ್ನಿ ಎಂದರೆ ಅಂಗಡಿ ಬಾಗಿಲಿನಿಂದಲೇ ತಿರುಗಿ ಬರುತ್ತೇನೆ. ಬಸ್ಸಿನ ಸದ್ದಿನಲ್ಲಿ ಕೇಳಿಸದೆ ಹೋದೀತೆಂದು ಫೋನನ್ನು ಕೈಯಲ್ಲೇ ಹಿಡಿದುಕೊಂಡಿರುತ್ತೇನೆ.

ಅತ್ತೆ