ಲಗ್ನಪತ್ರಿಕೆಯಷ್ಟು ದಪ್ಪ

ಸಾಸಲು
೧೨ ಫೆಬ್ರವರಿ ೨೦೨೫

ಸೌ|| ರುಕ್ಮಿಣಿಯವರಿಗೆ,

‘ಅವರಿಗೆ’ ಅಂದದ್ದು ಸಿಟ್ಟಿನಿಂದ. ಗೌರವ ಅಂದುಕೊಂಡು ನಿನ್ನ ಅಣ್ಣನ ಮುಂದೆ ಓದಿ ಮೆರೆಯಬೇಡ.

ನೀನು ಬೂದಿಗೆರೆಯ ತವರು ಸೇರಿ ಇವತ್ತಿಗೆ ಒಂಬತ್ತು ದಿನ. ಫೋನು ಎತ್ತುವುದಿಲ್ಲ. ವಾಟ್ಸಾಪಿನಲ್ಲಿ ನನ್ನ ದನಿ ಕಳಿಸಿದರೆ, ಮೊಬೈಲು ಒಡೆದೀತು ಅಂತ ಕೇಳದೆಯೇ ಅಳಿಸುತ್ತೀಯಂತೆ; ಮಗಳು ನವ್ಯಶ್ರೀ ಹೇಳಿದಳು. ಏನು ಮಾಡಲಿ ತಾಯೀ! ಕರೆಂಟು ಹೋದರೂ ಕೊನೇ ಸಾಲಿಗೆ ಕೇಳಲಿ ಅಂತ ರಾಜಪಾರ್ಟು ಮಾಡಿ ಬೆಳೆಸಿದ ಗಂಟಲು ಇದು. ಕಾಗದವಾದರೂ ಮೆತ್ತಗೆ ಮಾತಾಡೀತು ಅಂತ ಬರೆಯುತ್ತಿದ್ದೇನೆ.

ನ್ಯಾಯ ನೀನೇ ಹೇಳು. ದೇವನಹಳ್ಳಿಯ ಸಂಗೀತದ ಮೇಷ್ಟ್ರು ಮುನೀಂದ್ರ ನಮ್ಮಲ್ಲಿ ಮಾಡಿಸುತ್ತಿರುವ ವೀಣೆ ನೋಡಲು ಬಂದರು. ವೀಣೆಯ ದುಂಡನೆಯ ಕೊಡದ ಅಂಚಿಗೆ ನಾನು ಕಚ್ಚು ತೆಗೆದಿದ್ದೆ. ಅದರೊಳಗೆ ಕೂರುವ ಬೀಟೆಯ ತೆಳುಪಟ್ಟಿಗಳನ್ನು ನೀನು ಉಪ್ಪುಕಾಗದದಲ್ಲಿ ಉಜ್ಜಿ ಇಟ್ಟಿದ್ದೆ. ಅಳತೆ ಯಾವುದು? ನಮ್ಮ ಲಗ್ನಪತ್ರಿಕೆ! ಮಡಿಚಿದ ಆ ಕಾರ್ಡು ಎಷ್ಟು ದಪ್ಪವೋ ಪಟ್ಟಿ ಅಷ್ಟೇ ದಪ್ಪ. ಮದುವೆಯಾದ ವರ್ಷ ನಾನೇ ಹೊರಡಿಸಿದ ಶಾಸನ. ಎರಡನ್ನೂ ಪಕ್ಕಪಕ್ಕ ಇಟ್ಟು ಹೆಬ್ಬೆರಳಾಡಿಸಿದೆ. ಪಟ್ಟಿ ಎತ್ತರ, ಕಾರ್ಡು ತಗ್ಗು! ಮೂವತ್ತೊಂದು ವರ್ಷವಾದರೂ ಒಂದು ಕಾರ್ಡಿನ ಅಳತೆ ಬರಲಿಲ್ಲವಲ್ಲೇ ನಿಂಗೆ ಅಂತ ಗುಡುಗಿದೆ. ಬೀದಿ ತುದಿಯ ಹೋಟೆಲಿನಲ್ಲಿ ಕೂತವರೂ ಟೀ ಲೋಟ ಕೆಳಗಿಟ್ಟರಂತೆ. ನೀನು ಕೈಯ ಧೂಳು ಕೊಡವಿದೆ, ಉಜ್ಜಿದ ಪಟ್ಟಿಗಳನ್ನೆಲ್ಲ ಹಳೇ ಟವಲಿನಲ್ಲಿ ಸುತ್ತಿಕೊಂಡೆ, ಬಸ್ಸು ಹತ್ತಿದೆ. ಆಹಾ, ಎಂಥ ನಿರ್ಗಮನ! ನಾಟಕದವನು ನಾನೋ ನೀನೋ?

ಹೊಸ ಪಟ್ಟಿಗಳನ್ನು ನಾನೇ ಉಜ್ಜಿದೆ. ಉಗುರು ಸವೆಯುವಂತೆ ಉಜ್ಜಿ, ಕಾರ್ಡಿಗೆ ಕೂದಲೆಳೆ ವ್ಯತ್ಯಾಸವಿಲ್ಲದಂತೆ ಮಾಡಿದೆ. ಕೂರಿಸಿದರೆ ಪಟ್ಟಿ ಕಚ್ಚಿನೊಳಗೆ ತಗ್ಗಿ ಹೋಯಿತು. ಎರಡನೆಯದೂ ಹಾಗೇ. ಮೂರನೆಯದು ಬೆರಳ ಸಂದಿಯಲ್ಲೇ ಲಟಕ್ಕಂತ ಮುರಿಯಿತು. ಕಚ್ಚಿನ ಆಳ ಎಂದಿನದೇ, ಮರ ಎಂದಿನದೇ. ಮತ್ತೆ ಯಾವ ದೆವ್ವ ಹೊಕ್ಕಿದೆ ಇದಕ್ಕೆ?

ಮೇಷ್ಟ್ರು ಭಾನುವಾರ ವೀಣೆಗೆ ಬರುತ್ತಾರೆ. ಪಟ್ಟಿಗಳನ್ನು ಕಳಿಸಿಬಿಡು. ನೀನು ಬರಲೇಬೇಕು ಅಂತ ನಾನು ಎಲ್ಲೂ ಬರೆದಿಲ್ಲ. ಬಂದರೆ ಬಾಗಿಲು ತೆರೆದಿರುತ್ತದೆ, ಅಷ್ಟೇ. ಮುದ್ದೆ ಗಂಟುಗಂಟಾಗುತ್ತಿದೆ, ಅದು ಬೇರೆ ವಿಚಾರ.

ಇಂತಿ,
ಇನ್ನೂ ಸಿಟ್ಟಿನಲ್ಲೇ ಇರುವ
ಲಕ್ಷ್ಮಯ್ಯ

ವಿ.ಸೂ.: ಒಂದು ಮಾತು ಮರೆತೆ. ಮರೆಯಲಿಲ್ಲ, ಬರೆಯಲು ಕೈ ಏಳಲಿಲ್ಲ. ನವ್ಯಶ್ರೀ ಮೊನ್ನೆ ನಿನ್ನನ್ನು ನೋಡಲು ಹೋದಾಗ, ನಿನ್ನ ಅಣ್ಣನ ಪೆಟ್ಟಿಗೆಯಲ್ಲಿ ಯಾರೂ ಮುಟ್ಟದೆ ಉಳಿದಿದ್ದ ನಮ್ಮ ಲಗ್ನಪತ್ರಿಕೆಯ ಇನ್ನೊಂದು ಪ್ರತಿ ತಂದಳು. ತನ್ನ ಫ್ಯಾಕ್ಟರಿಯ ಕ್ಯಾಲಿಪರಿನಲ್ಲಿ ಎರಡನ್ನೂ ಅಳೆದಳು. ನಮ್ಮದು ಕಾಲು ಭಾಗ ತೆಳ್ಳಗಾಗಿದೆ. ಇಷ್ಟು ವರ್ಷ ಅದನ್ನು ಉಜ್ಜಿದ್ದು ನನ್ನದೇ ಹೆಬ್ಬೆರಳು. ಕಾರ್ಡನ್ನು ಪಕ್ಕಕ್ಕಿಟ್ಟು ಬರೀ ಬೆರಳಿನ ಅಳತೆಯಲ್ಲಿ ಉಜ್ಜಲು ನೀನು ಯಾವಾಗ ಶುರುಮಾಡಿದೆ ಕಣೇ? ಒಂದು ಮಾತು ಹೇಳಬಾರದಿತ್ತೇ? ಮೇಷ್ಟ್ರಿಗೆ ಫೋನು ಮಾಡಿ ತಪ್ಪು ನನ್ನದು, ಅವಳದಲ್ಲ ಅಂದೆ. ಹೋಟೆಲಿನವರು ಮತ್ತೆ ಟೀ ಲೋಟ ಕೆಳಗಿಟ್ಟರು.