ಸದ್ದಿಲ್ಲದೆ ಇಳಿದ ಮೂವತ್ತೆರಡು ಗಂಟೆ

ಮಾನ್ಯ ದೈಹಿಕ ಶಿಕ್ಷಣ ನಿರ್ದೇಶಕರೇ,

ಸೋಮವಾರ ನಿಮ್ಮ ಕಚೇರಿಯ ಹೊರಗೆ ಅಂಟಿಸಿದ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ‘ದೈಹಿಕ ಚಟುವಟಿಕೆ: ಸೊನ್ನೆ ಗಂಟೆ’ ಎಂದಿದೆ. ಮೊದಲ ವರ್ಷ ಮೂವತ್ತು ಗಂಟೆ ಮೈ ಬಗ್ಗಿಸದವರಿಗೆ ಎರಡನೇ ವರ್ಷ ಹಾಸ್ಟೆಲ್ ಇಲ್ಲ ಎಂಬ ನಿಯಮದಂತೆ ಈ ಶನಿವಾರ ಸಂಜೆಯೊಳಗೆ ನಾನು ಕೋಣೆ ಖಾಲಿ ಮಾಡಬೇಕು. ನಮ್ಮ ಮನೆ ಇಲ್ಲಿಂದ ರೈಲಿನಲ್ಲಿ ಒಂಬತ್ತು ಗಂಟೆ ದೂರ, ಹಾಗಾಗಿ ಹಾಸ್ಟೆಲ್ ಇಲ್ಲವೆಂದರೆ ನನ್ನ ಮಟ್ಟಿಗೆ ಕಾಲೇಜೂ ಇಲ್ಲ. ಮಾನ್ಯರೇ, ವಾಲಿಬಾಲ್ ತಂಡದ ಹನ್ನೆರಡು ಜನಕ್ಕೆ ಎಗರಿ ಇಳಿಯುವುದನ್ನು ಕಲಿಸುತ್ತ ನಾನು ನಿಮ್ಮದೇ ಹಾಲ್‌ನಲ್ಲಿ ಮೂವತ್ತೆರಡು ಗಂಟೆ ಕಳೆದಿದ್ದೇನೆ. ಆ ಹನ್ನೆರಡು ಜನರ ಹೆಸರಿನ ಮುಂದೆಯೂ ಆ ಗಂಟೆಗಳಿವೆ. ನನ್ನ ಹೆಸರಿನ ಮುಂದೆ ಮಾತ್ರ ಸೊನ್ನೆಯಾದದ್ದು ಹೇಗೆ? ಅಷ್ಟು ದಿನ ನಾನು ಮೈಯನ್ನು ಕೋಣೆಯಲ್ಲಿ ಬಿಟ್ಟು ಬರೀ ಬಾಯಿಯನ್ನು ತೆಗೆದುಕೊಂಡು ಬರುತ್ತಿದ್ದೆನೇ?

ಇದನ್ನು ದೂರಿನ ಪೆಟ್ಟಿಗೆಗೆ ಹಾಕಬಹುದಿತ್ತು. ಅದರ ಬೀಗದ ಕೈ ಯಾರ ಹತ್ತಿರ ಇದೆ ಎಂದು ನಿಮ್ಮ ಕಚೇರಿಯಲ್ಲಿ ಮೂವರನ್ನು ಕೇಳಿದೆ. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆದ್ದರಿಂದ ವಿದ್ಯಾರ್ಥಿ ಪತ್ರಿಕೆಗೆ ಬರೆಯುತ್ತಿದ್ದೇನೆ. ನಾಲ್ಕನೇ ಕ್ಲಾಸಿನಿಂದ ಹಾಸ್ಟೆಲ್‌ಗಳಲ್ಲೇ ಬೆಳೆದ ನನಗೆ ಎದುರುತ್ತರ ಕೊಟ್ಟು ಅಭ್ಯಾಸವಿಲ್ಲ. ಈ ಪತ್ರವನ್ನೇ ಆರು ಸಲ ಹರಿದು ಬರೆದಿದ್ದೇನೆ. ಕೋಪ ಬಂದಲ್ಲೆಲ್ಲ ಇಂಗ್ಲಿಷಿಗೆ ಜಾರುತ್ತಿದ್ದೆ. ಇಂಗ್ಲಿಷಿನಲ್ಲಿ ನನ್ನ ಕೋಪ ರಜಾ ಅರ್ಜಿಯ ಹಾಗೆ ಕಾಣುತ್ತಿತ್ತು, ಮತ್ತೆ ಇಲ್ಲಿಗೇ ಬಂದೆ.

ವರ್ಷದ ಮೊದಲ ವಾರ ನೀವು ಕೊಟ್ಟ ಫಾರ್ಮಿನಲ್ಲಿ ಇಪ್ಪತ್ತಮೂರು ಚಟುವಟಿಕೆಗಳಿದ್ದವು. ಓಟ ಇತ್ತು, ಈಜು ಇತ್ತು. ಕೇರಂ ಇತ್ತು, ಚೆಸ್ ಇತ್ತು. ನೃತ್ಯ ಇರಲಿಲ್ಲ. ಚೆಸ್ ಆಡುವವರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ನನ್ನ ರೂಮ್‌ಮೇಟೇ ಚೆಸ್ ಆಡುತ್ತಾಳೆ, ಆಡುವಾಗ ಉಗುರು ಕಚ್ಚಿ ಕಚ್ಚಿ ರಕ್ತ ಬರಿಸಿಕೊಳ್ಳುತ್ತಾಳೆ. ಅವಳಿಗೆ ನಲವತ್ತಾರು ಗಂಟೆ ಸಿಕ್ಕಿದೆ. ಅದರಲ್ಲಿ ಮೈ ಎಲ್ಲಿ ಬಂತೇ ಎಂದು ಕೇಳಿದ್ದಕ್ಕೆ, “ಆಟ ಮುಗಿದಾಗ ಕೈ ಕುಲುಕೋಕೆ ಎದ್ದು ನಿಲ್ತೀನಲ್ಲ, ಅದೇ ನನ್ನ ವ್ಯಾಯಾಮ ಕಣೇ,” ಎಂದಳು. ಪಟ್ಟಿ ಬಂದ ದಿನದಿಂದ ಈಚೆಗೆ ಆ ಜೋಕನ್ನು ಅವಳು ಹೇಳುತ್ತಿಲ್ಲ.

ಫಾರ್ಮು ಹಿಡಿದುಕೊಂಡು ನಿಮ್ಮ ಕಚೇರಿಗೆ ಬಂದಿದ್ದೆ, ನಿಮಗೆ ನೆನಪಿರಲಾರದು. ಕಪಾಟಿನ ತುಂಬ ಕಪ್‌ಗಳು, ಅದರ ಪಕ್ಕದಲ್ಲಿ ಮುಳ್ಳು ಸೊನ್ನೆಗೆ ಬಾರದೆ ಎರಡು ಕಿಲೋದಲ್ಲೇ ನಿಂತ ತೂಕದ ಯಂತ್ರ. ನೃತ್ಯವನ್ನು ಸೇರಿಸಿಕೊಳ್ಳಿ, ಪ್ರತಿ ಬೆಳಿಗ್ಗೆ ಒಂದು ಗಂಟೆ ಅಭ್ಯಾಸ ಮಾಡುತ್ತೇನೆ, ಬೇಕಾದರೆ ಬಂದು ನೋಡಿ ಎಂದು ಕೇಳಿಕೊಂಡೆ. ನೀವು ಸಿಟ್ಟಾಗಲಿಲ್ಲ, ಅದನ್ನು ಒಪ್ಪುತ್ತೇನೆ. ಅಕ್ಕರೆಯಿಂದಲೇ ಕೇಳಿದಿರಿ:

“ಡಾನ್ಸಲ್ಲಿ ಯಾರು ಯಾರನ್ನ ಸೋಲಿಸ್ತಾರಮ್ಮ?”

ಸೋಲುವವರೇ ಇಲ್ಲದ ಮೇಲೆ ಅದು ಮನರಂಜನೆ, ಸಾಂಸ್ಕೃತಿಕ ವಿಭಾಗಕ್ಕೆ ಹೋಗು ಎಂದಿರಿ. ಹೋದೆ. ಅಲ್ಲಿನ ಮೇಡಂ ನನ್ನ ಫಾರ್ಮನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ನಿನ್ನ ಕಲೆ ನಮ್ಮದು ಕಣಮ್ಮ, ಬೆವರು ಅವರದು,” ಎಂದು ಹಿಂದಿರುಗಿಸಿದರು. ಎರಡು ಕಚೇರಿಗಳ ನಡುವಿನ ಕಾರಿಡಾರಿನಲ್ಲಿ ನನ್ನನ್ನು ಹೀಗೆ ಎರಡು ತುಂಡು ಮಾಡಿ ಹಂಚಿಕೊಂಡಿರಿ, ಆಮೇಲೆ ಇಬ್ಬರೂ ತಮ್ಮ ತುಂಡನ್ನು ಒಯ್ಯಲಿಲ್ಲ.

ನಿಮ್ಮ ಪ್ರಶ್ನೆಯನ್ನು ವರ್ಷವಿಡೀ ಮೆಲುಕು ಹಾಕಿದ್ದೇನೆ. ಆಟಕ್ಕಿಂತ ನೃತ್ಯ ಮೇಲು ಎಂದು ನಾನು ವಾದಿಸುವುದಿಲ್ಲ. ಆಟದಲ್ಲಿ ಮೈ ಚೆಂಡಿನ ಹಿಂದೆ ಓಡುತ್ತ ತನ್ನನ್ನೇ ಮರೆತುಬಿಡುತ್ತದೆ. ಆ ಮರೆವು ಕಂಡರೆ ನನಗೆ ಆಸೆಯಾಗುತ್ತದೆ. ನಮಗೆ ಬೆನ್ನಟ್ಟಲು ಏನೂ ಇಲ್ಲ. ಹಾಗಾಗಿ ಕಾಲಿನ ಕಿರುಬೆರಳಿನಿಂದ ಹುಬ್ಬಿನ ತನಕ ಎಲ್ಲದರ ಮೇಲೂ ಕಣ್ಣಿಟ್ಟಿರಬೇಕು. ಎಡಗೈ ಕೆಲಸದಲ್ಲಿರುವಾಗ ಬಲಗೈ ಸುಮ್ಮನಿರುವುದೂ ಒಂದು ಕೆಲಸವೇ. ಮೊಣಕಾಲನ್ನು ಅರ್ಧ ಬಗ್ಗಿಸಿ ಇಪ್ಪತ್ತು ನಿಮಿಷ ನಿಂತರೆ ತೊಡೆ ಉರಿಯುವ ಉರಿ ಓಟಗಾರ್ತಿಯ ತೊಡೆಯ ಉರಿಗಿಂತ ಬೇರೆಯೇನಲ್ಲ. ಆದರೆ ಓಟಗಾರ್ತಿ ಗೆರೆ ದಾಟಿದ ಮೇಲೆ ಬಾಯಿ ತೆರೆದು ಏದುಸಿರು ಬಿಡಬಹುದು, ನೆಲದ ಮೇಲೆ ಬಿದ್ದುಕೊಳ್ಳಬಹುದು. ನಾವು ಅದೇ ಉಸಿರನ್ನು ಮೂಗಿನೊಳಗೇ ಬಚ್ಚಿಟ್ಟುಕೊಂಡು ನಗಬೇಕು. ಬಹುಶಃ ತಪ್ಪು ನಮ್ಮದೇ. ಕಷ್ಟ ಕಾಣಿಸದ ಹಾಗೆ ಮಾಡುವುದನ್ನು ಹತ್ತು ವರ್ಷ ಕಲಿತು, ಕಂಡದ್ದನ್ನಷ್ಟೇ ಬರೆದುಕೊಳ್ಳುವ ಕಚೇರಿಯ ಮುಂದೆ ಬಂದು ನಿಂತೆವು.

ಇನ್ನು ಆ ಮೂವತ್ತೆರಡು ಗಂಟೆಯ ವಿಷಯ. ವಾಲಿಬಾಲ್ ತಂಡದಲ್ಲಿ ನೆಟ್ ಹತ್ತಿರ ನಿಂತು ಚೆಂಡು ತಡೆಯುವ ಎರಡನೇ ವರ್ಷದವರೊಬ್ಬರಿದ್ದಾರೆ. ಎತ್ತರ ನೋಡಿ ಎಲ್ಲರೂ ಕಂಬ ಎನ್ನುತ್ತಾರೆ. ಸೀನಿಯರ್ ಆದ್ದರಿಂದ ನಾನು ಕಂಬಕ್ಕ ಎನ್ನುತ್ತೇನೆ. ನೀರಿನ ಟ್ಯಾಂಕಿನ ಪಕ್ಕದ ಸಿಮೆಂಟ್ ಜಾಗದಲ್ಲಿ ನಾನು ಬೆಳಿಗ್ಗೆ ಅಭ್ಯಾಸ ಮಾಡುವಾಗ, ಅವರು ಮೊಣಕಾಲಿಗೆ ಬಿಸಿನೀರಿನ ಬಟ್ಟೆ ಸುತ್ತಿಕೊಂಡು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಒಂದು ದಿನ, “ಅಷ್ಟು ಎತ್ತರ ಎಗರ್ತೀಯ, ಇಳಿಯೋ ಸದ್ದೇ ಬರಲ್ವಲ್ಲೇ, ನೀನೇನು ಬೆಕ್ಕಾ?” ಎಂದರು. ನಾನು ತೋರಿಸಿಕೊಟ್ಟೆ. ಮೊದಲು ಬೆರಳ ತುದಿ, ಆಮೇಲೆ ಪಾದದ ಮುಂಭಾಗ, ಆಮೇಲೆ ಹಿಮ್ಮಡಿ, ಅಷ್ಟರಲ್ಲಿ ಮೊಣಕಾಲು ಬಗ್ಗಿರಬೇಕು. ನಮ್ಮ ಕಿವಿಗೆ ನಾವು ಕೇಳಿಸಬಾರದು. ಮೂರು ವಾರದಲ್ಲಿ ಅವರ ಬಟ್ಟೆ ಸುತ್ತುವುದು ನಿಂತಿತು. ತಂಡದ ಕೋಚ್ ವಿಚಾರಿಸಿ, ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ ಒಂದೊಂದು ಗಂಟೆ ಎಲ್ಲರಿಗೂ ಹೇಳಿಕೊಡು ಎಂದರು. ಹದಿನಾರು ವಾರ ನಡೆಯಿತು. ಒಬ್ಬರ ಮೊಣಕಾಲೂ ಕೈಕೊಡದ ಮೊದಲ ವರ್ಷ ಇದು ಎಂದು ನೀವೇ ಭಾಷಣದಲ್ಲಿ ಹೇಳಿದಿರಿ. ಹೊಸ ಶೂಗಳಿಗೆ ಧನ್ಯವಾದ ಅರ್ಪಿಸಿದಿರಿ.

ತಂಡದವರೂ ನನಗೊಂದು ವಿದ್ಯೆ ಕಲಿಸಿದರು. ಚೆಂಡಿಗಾಗಿ ಹಾರಿ ಎದೆಯ ಮೇಲೆ ಜಾರಿ, ನಗುತ್ತ ಎದ್ದು ನಿಲ್ಲುವುದನ್ನು ನೋಡಿ ನಾನು ಬೆಪ್ಪಾಗಿದ್ದೆ. ನನಗೆ ಬೀಳಬಾರದು ಎಂದು ಕಲಿಸಿದ್ದರು, ಬೀಳುವುದನ್ನು ಯಾರೂ ಕಲಿಸಿರಲಿಲ್ಲ. ಕಂಬಕ್ಕ ತಮ್ಮ ಮೊಣಕಾಲಿನ ಪ್ಯಾಡ್ ನನಗೆ ಹಾಕಿ, “ಬಿದ್ದಾಗ ಪೆಟ್ಟನ್ನ ಒಂದೇ ಮೂಳೆಗೆ ಕೊಡಬೇಡ್ವೇ, ಮೈಗೆಲ್ಲ ಹಂಚಿಬಿಡು,” ಎಂದು ನೆಲಕ್ಕೆ ತಳ್ಳಿದರು.

ಹಾಗಾದರೆ ಸೊನ್ನೆ ಎಲ್ಲಿಂದ ಬಂತು? ಹೇಳಲು ನಾಚಿಕೆಯಾಗುತ್ತದೆ. ಅಭ್ಯಾಸ ಶುರುವಾಗುವಾಗ ತಂಡದವರು ಹಾಲ್ ಸುತ್ತ ಓಡುತ್ತಿದ್ದರು, ಕೈ ಖಾಲಿ ಇದ್ದವಳು ನಾನೊಬ್ಬಳೇ. ಕೋಚ್ ಹಾಜರಿ ರಿಜಿಸ್ಟರನ್ನು ನನ್ನ ಕೈಗೆ ಕೊಡುತ್ತಿದ್ದರು. ಅದರಲ್ಲಿ ಹೆಸರಿನ ಕಾಲಂ ಇಲ್ಲ, ಜರ್ಸಿ ನಂಬರಿನ ಕಾಲಂ ಇದೆ. ಒಂದರಿಂದ ಹನ್ನೆರಡರ ತನಕ ಬರೆದು, ಬಂದ ಹೊತ್ತು ಹೋದ ಹೊತ್ತು ತುಂಬಿ, ಪುಟದ ಕೆಳಗೆ ನೀಟಾಗಿ ಗೆರೆ ಎಳೆಯುತ್ತಿದ್ದೆ. ನನಗೆ ಜರ್ಸಿ ಇರಲಿಲ್ಲ, ನಂಬರೂ ಇರಲಿಲ್ಲ. ಗೆರೆಯ ಹೊರಗೆ ಬರೆದರೆ ಬೈಸಿಕೊಳ್ಳಬೇಕು ಎಂಬುದನ್ನು ಒಂಬತ್ತನೇ ವಯಸ್ಸಿಗೇ ಕಲಿತವಳು ನಾನು. ಹೀಗೆ ಮೂವತ್ತೆರಡು ಬೆಳಿಗ್ಗೆ ಹಾಲ್‌ನ ನಟ್ಟನಡುವೆ ನಿಂತುಕೊಂಡು, ನಾನು ಅಲ್ಲಿ ಇರಲಿಲ್ಲ ಎಂಬುದಕ್ಕೆ ನನ್ನ ದುಂಡು ಅಕ್ಷರದಲ್ಲೇ ಸಾಕ್ಷಿ ಬರೆದಿಟ್ಟೆ. ನಿಮ್ಮ ಗುಮಾಸ್ತರು ಆ ಪುಟಗಳನ್ನು ತೆರೆದು ನನ್ನ ಕಡೆ ತಿರುಗಿಸಿ, “ನಿನ್ನದೇ ಕೈಬರಹ ತಾನೇ? ನೀನು ಬಂದಿದ್ದೆ ಅಂತ ನೀನೇ ಬರೆದಿಲ್ಲ, ನಾನೆಲ್ಲಿಂದ ತರಲಿ?” ಎಂದರು. ಅವರು ಹೇಳಿದ್ದರಲ್ಲಿ ಎಲ್ಲಿ ತಪ್ಪಿದೆ ಎಂದು ಇವತ್ತಿಗೂ ಹುಡುಕುತ್ತಿದ್ದೇನೆ.

ಕೋಚ್ ತಾತ್ಕಾಲಿಕ ನೌಕರರಾಗಿದ್ದರು, ಈಗ ಬೇರೆ ಊರಿನಲ್ಲಿದ್ದಾರೆ. ಫೋನ್ ಮಾಡಿದೆ, ಪಾಪ, ಅವತ್ತೇ ಪತ್ರ ಕಳಿಸಿದರು. ಕೆಲಸ ಬಿಟ್ಟವರ ಪತ್ರ ನಡೆಯುವುದಿಲ್ಲ ಎಂದಿರಿ. ಕಂಬಕ್ಕ ತಮ್ಮ ಗಂಟೆಗಳಲ್ಲಿ ಮೂವತ್ತನ್ನು ನನಗೆ ಬರೆದುಕೊಡುತ್ತೇನೆಂದು ನಿಮ್ಮ ಮುಂದೆ ಬಂದು ನಿಂತರು. ಪಂದ್ಯ ಹತ್ತಿರ ಬಂತು, ಆಟದ ಮೇಲೆ ಗಮನವಿರಲಿ ಎಂದು ಕಳಿಸಿದಿರಿ. ಕೊನೆಯ ಅವಕಾಶವೆಂದು ನನಗೆ ಮೈದಾನದ ಸುತ್ತ ಹನ್ನೆರಡು ಸುತ್ತು ಓಡಲು ಹೇಳಿದಿರಿ. ಏಳನೇ ಸುತ್ತಿನಲ್ಲಿ ನನ್ನ ಮೊಣಕಾಲ ಕೆಳಗಿನ ಮೂಳೆ ನಿಲ್ಲು ಎಂದಿತು. ಹಾಲ್‌ನ ಮರದ ನೆಲ ಆಟಗಾರರಿಗೆ ಮೀಸಲು, ನನ್ನ ನೃತ್ಯದ ಅಭ್ಯಾಸಕ್ಕಿದ್ದದ್ದು ವರ್ಷಪೂರ್ತಿ ಸಿಮೆಂಟು. ಫಿಸಿಯೋಥೆರಪಿ ಕೋಣೆಗೆ ಹೋದೆ. ಬಾಗಿಲಲ್ಲೇ ಕೇಳಿದರು: ಜರ್ಸಿ ನಂಬರ್?

ಅಪ್ಪನಿಗೆ ಭಾನುವಾರದ ತನಕ ಹೇಳದೆ ಇರಬೇಕೆಂದುಕೊಂಡಿದ್ದೆ, ನಿಮ್ಮ ಕಚೇರಿಯ ಪತ್ರ ನನಗಿಂತ ಚುರುಕು. ಅಪ್ಪ ಆಸ್ಪತ್ರೆಯಲ್ಲಿ ವಾರ್ಡ್ ಸಹಾಯಕ. ಇಪ್ಪತ್ತೆರಡು ವರ್ಷದಿಂದ ರೋಗಿಗಳನ್ನು ಮಂಚದಿಂದ ಸ್ಟ್ರೆಚರಿಗೆ, ಸ್ಟ್ರೆಚರಿನಿಂದ ಮಂಚಕ್ಕೆ ಎತ್ತುತ್ತಿದ್ದಾರೆ, ಸೊಂಟ ಇನ್ನೂ ನೆಟ್ಟಗಿದೆ. ಐದು ವರ್ಷದವಳಿದ್ದಾಗ ಬಕೆಟ್ ಎತ್ತಲು ಹೋದ ನನಗೆ, “ಸೊಂಟದಿಂದ ಎತ್ತಬೇಡ ಮಗಳೇ, ಕಾಲಿಂದ ಎತ್ತು,” ಎಂದು ಮೊಣಕಾಲು ಬಗ್ಗಿಸಿ ತೋರಿಸಿದ್ದರು. ನೃತ್ಯದ ಟೀಚರ್ ಮೊದಲ ದಿನ ನನ್ನನ್ನು ನಿಲ್ಲಿಸಿದ್ದು ಅದೇ ಭಂಗಿಯಲ್ಲಿ. ನಿಮ್ಮ ಕೋಚ್ ತಂಡವನ್ನು ನಿಲ್ಲಿಸುತ್ತಿದ್ದದ್ದೂ ಅದೇ ಭಂಗಿಯಲ್ಲಿ. ಮೂರು ಕೆಲಸಕ್ಕೆ ಒಂದೇ ಮೊಣಕಾಲು, ಮಾನ್ಯರೇ. ನಿಮ್ಮ ಫಾರ್ಮಿನಲ್ಲಿ ಮಾತ್ರ ಬೇರೆ ಬೇರೆ.

ಫೋನಿನಲ್ಲಿ ಅಪ್ಪ ಗದರಲಿಲ್ಲ. “ಮೈ ಬಗ್ಗಿಸಿಲ್ಲ ಅಂತ ತೆಗೆದ್ರಾ? ನಿನ್ನನ್ನಾ?” ಎಂದು ಎರಡು ಸಲ ಕೇಳಿದರು. ಜರ್ಸಿ, ಕಾಲಂ, ಗೆರೆ ಎಂದು ನಾನು ಏನೇನೋ ಹೇಳಿದೆ. “ಶನಿವಾರ ಬರ್ತೀನಿ. ಟ್ರಂಕ್ ಭಾರ ಇರತ್ತೆ, ನೀನೊಬ್ಬಳೇ ಎತ್ತಬೇಡ,” ಎಂದರು.

ಕೋಣೆ ವಾಪಸು ಕೊಡಿ ಎಂದು ನಾನು ಕೇಳುತ್ತಿಲ್ಲ. ನನ್ನ ಮಂಚದ ತಲೆಗೆ ಹೊಸ ಹುಡುಗಿಯ ಹೆಸರಿನ ಚೀಟಿ ಆಗಲೇ ಬಿತ್ತು, ಗೋಂದು ಇನ್ನೂ ಹಸಿಯಾಗಿದೆ. ನೀವು ಇದನ್ನು ಓದುವಿರೆಂಬ ನಂಬಿಕೆಯೂ ನನಗಿಲ್ಲ. ಆದರೂ ಬೇಡಿಕೆ ಇಲ್ಲದೆ ಪತ್ರ ಮುಗಿಸಬಾರದು ಎಂದು ಕಲಿಸಿದ್ದಾರೆ, ಅದಕ್ಕೆ ಕೇಳುತ್ತೇನೆ. ಆ ರಿಜಿಸ್ಟರಿನಲ್ಲಿ ಹನ್ನೆರಡನೇ ನಂಬರಿನ ಕೆಳಗೆ ಒಂದು ಗೆರೆ ಹೆಚ್ಚಿಗೆ ಹಾಕಿಸಿ, ನಂಬರ್ ಇಲ್ಲದವರು ಬಂದರೆ ಬರೆದುಕೊಳ್ಳಲು. ಮತ್ತು ಒಂದು ಬೆಳಿಗ್ಗೆ ಹಾಲ್‌ನಲ್ಲಿ ಯಾರೂ ಇಲ್ಲದಾಗ, ನಿಂತಲ್ಲೇ ಒಂದು ಸಲ ಎಗರಿ, ಸದ್ದಾಗದಂತೆ ಇಳಿದು ನೋಡಿ. ಯಾರೂ ಸೋಲುವುದಿಲ್ಲ. ಇಳಿದ ಮೇಲೆ ತೊಡೆಯನ್ನು ಕೇಳಿ, ಅದು ಮನರಂಜನೆಯಾಗಿತ್ತೇ ಎಂದು.

ನಾನು ಈ ಪೆಟ್ಟನ್ನು ಮೈಗೆಲ್ಲ ಹಂಚಿಕೊಳ್ಳಲು ನೋಡುತ್ತಿದ್ದೇನೆ. ಒಂದೇ ಕಡೆ ಹೋಗಿ ನಿಲ್ಲುತ್ತಿದೆ.

ಇಂತಿ,
ಶನಿವಾರ ಸಂಜೆಯ ತನಕ ಮಾತ್ರ ಈ ವಿಳಾಸದಲ್ಲಿ ಸಿಗುವ,
ನಿಮ್ಮ ತಂಡದ ಹದಿಮೂರನೆಯವಳು