ಅರೆಹೊಟ್ಟೆಯ ತಾಯಂದಿರು

ಲ್ಯಾಬಿನ ಹಿಂದಿನ ಮನೆ,
ಮಂಗಳವಾರ, ಮಾರ್ಚ್ ೧೧

ಪ್ರೀತಿಯ ಅಮ್ಮಾ,

ಹೇಗಿದ್ದೀಯಾ? ಮೊಣಕಾಲಿನ ಊತ ಇಳಿಯಿತಾ? ಹಾಸ್ಟೆಲಿನ ಅಡುಗೆಮನೆಯಲ್ಲಿ ದೊಡ್ಡ ಪಾತ್ರೆಗಳನ್ನು ಒಬ್ಬಳೇ ಎತ್ತಬೇಡ, ಜಾರಿ ಬಿದ್ದರೆ ಗತಿ ಏನು? ನಾನು ಚೆನ್ನಾಗಿದ್ದೇನೆ. ಹೊಟ್ಟೆಯಲ್ಲಿ ಮಗು ಒದ್ದರೆ ಯಾಕೆ ಇಷ್ಟು ಒದೆಯುತ್ತದೆ ಅಂತ ಭಯ, ಸುಮ್ಮನಿದ್ದರೆ ಯಾಕೆ ಸುಮ್ಮನಿದೆ ಅಂತ ಭಯ. ‘ಪಾಪ, ಅದು ಹೇಗಿದ್ದರೂ ತಪ್ಪೇ’ ಅಂತ ನಿನ್ನ ಅಳಿಯ ನಗುತ್ತಾರೆ. ಹೆರಿಗೆಗೆ ಬರೋಲ್ಲ ಅಂತ ಬರೆದಿದ್ದೀಯಲ್ಲ, ಅದನ್ನು ಓದಿ ನನಗೆ ಊಟ ಸೇರಲಿಲ್ಲ. ‘ನಿನ್ನನ್ನು ಹೊತ್ತಾಗ ಅರೆಹೊಟ್ಟೆ, ಮೇಲೆ ಜ್ವರ, ಕಡ್ಡಿಯಂಥ ಕೂಸನ್ನು ಹೆತ್ತವಳ ಕೈ ಆ ಮಗುವಿಗೆ ಬೇಡ’ ಅಂದಿದ್ದೀಯಾ. ಅದಕ್ಕೇ ಈ ಕಾಗದ.

ನಾನು ಇಲ್ಲಿ ಲ್ಯಾಬಿನಲ್ಲಿ ನೋಡಿಕೊಳ್ಳುವುದು ನೀರಿನ ಚಿಗಟಗಳನ್ನು. ಸಾಸಿವೆಯಷ್ಟು ಸಣ್ಣವು, ಮೈ ಗಾಜಿನ ಹಾಗೆ. ಕಣ್ಣು ಕಿರಿದು ಮಾಡಿದರೆ ಒಳಗಿನ ಮರಿಯೂ ಕಂಡಂತಾಗುತ್ತದೆ. ಜಾಡಿ ತೊಳೆದು ಹಸಿರು ಪಾಚಿನೀರು ಹನಿಸುವುದು ನನ್ನ ಕೆಲಸ. ಪ್ರಯೋಗ ನಡೆಸುವ ಮೇಡಂ ಒಂದು ಸಾಲಿನ ತಾಯಂದಿರಿಗೆ ಹೊಟ್ಟೆ ತುಂಬ ಕೊಡಿಸಿದರು, ಇನ್ನೊಂದು ಸಾಲಿಗೆ ಬೇಕೆಂದೇ ಅರೆಹೊಟ್ಟೆ. ನನಗೆ ತಡೆಯಲಿಲ್ಲ, ಆ ಅರೆಹೊಟ್ಟೆ ಸಾಲಿನ ಮೂಲೆಯ ಜಾಡಿಗೆ ಕದ್ದು ಹೆಚ್ಚು ಹಾಕಿಬಿಟ್ಟೆ. ನನ್ನ ಬಾಯಲ್ಲಿ ಎಳ್ಳು ನೆನೆಯುತ್ತದೆಯೇ? ಸಂಜೆಯೊಳಗೆ ಹೇಳಿಯೂ ಬಿಟ್ಟೆ. ಕೆಲಸ ಹೋಯಿತು ಅಂದುಕೊಂಡರೆ ಮೇಡಂ, ‘ಏನಮ್ಮ, ಚಿಗಟಕ್ಕೂ ಬಾಣಂತನ ಶುರು ಮಾಡಿದಿರಾ?’ ಅಂತ ನಕ್ಕು, ಆ ಜಾಡಿಗೆ ದಾರ ಕಟ್ಟಿ ಬೇರೆ ಇಟ್ಟರು.

ಆಮೇಲೆ ಎಲ್ಲ ಮರಿಗಳ ನೀರಿಗೂ ಒಂದೇ ರೋಗ ಬಿಟ್ಟರು. ಅಮ್ಮಾ, ಹೊಟ್ಟೆ ತುಂಬಿದ ತಾಯಂದಿರ ಮರಿಗಳೇ ಹೆಚ್ಚು ಮಲಗಿದವು. ನಾನು ಮುದ್ದು ಮಾಡಿದ ಜಾಡಿಯೂ ಅವುಗಳ ಜೊತೆಗೇ ಹೋಯಿತು, ಅತ್ತುಬಿಟ್ಟೆ. ಅರೆಹೊಟ್ಟೆಯವರ ಮರಿಗಳು ಬಹಳಷ್ಟು ತಡೆದುಕೊಂಡವು. ಎಲ್ಲವೂ ಗಂಡಿಲ್ಲದೆ ಹೆತ್ತ ಒಂದೇ ಅಜ್ಜಿಯ ಸಂತಾನ, ಹುಟ್ಟುಗುಣದಲ್ಲಿ ಕೂದಲೆಳೆಯ ವ್ಯತ್ಯಾಸವಿಲ್ಲ. ತಾಯಿ ಪಟ್ಟ ಪಾಡೇ ಮೊಟ್ಟೆಗೆ ಇಳಿದು ಮರಿಯನ್ನು ಎಚ್ಚರಿಸುತ್ತದಂತೆ. ಹಾಗಂತ ರೋಗವೂ ಸುಮ್ಮನೆ ಕೂರೋಲ್ಲ. ಇವು ಚಾಪೆ ಕೆಳಗೆ ತೂರಿದರೆ ಅದು ರಂಗೋಲಿ ಕೆಳಗೆ ತೂರುತ್ತದೆ. ಗಟ್ಟಿ ಮರಿಗಳ ನಡುವೆ ಬೆಳೆದ ರೋಗ ತಲೆಮಾರು ಕಳೆದಂತೆ ಬೇರೆ ಪಟ್ಟು ಕಲಿಯಬಹುದು, ತಾಯಿ ಕೊಟ್ಟದ್ದರ ಬಿಸಿ ಶತ್ರುವಿಗೂ ತಟ್ಟುತ್ತದೆ ಅಂದರು ಮೇಡಂ. ಅರ್ಧಕ್ಕೆ ಶಾಲೆ ಬಿಟ್ಟ ನನಗೆ ಅರ್ಥವಾದದ್ದು ಇಷ್ಟು. ‘ಚಿಗಟದ ಕಥೆ ಚಿಗಟಕ್ಕೆ. ನೀವು ಊಟ ಬಿಟ್ಟು ಕೂತೀರಾ, ಜೋಕೆ!’ ಅಂತ ಗದರಿ ತಮ್ಮ ಡಬ್ಬಿಯನ್ನೂ ನನ್ನ ಮುಂದೆ ತಳ್ಳಿದರು.

ಸರಿಯೇ. ಆದರೂ ಆ ಕಡ್ಡಿಕೂಸು ಬದುಕಿದೆಯಲ್ಲಮ್ಮಾ. ನೀರು ಕುದಿಸದೆ ಕುಡಿಯಬಾರದು, ಕೆಮ್ಮುವವರಿಗೆ ಬೇರೆ ಲೋಟ, ಕೈ ತೊಳೆದೆಯಾ ಅಂತ ಇನ್ನೊಮ್ಮೆ ಕೇಳಬೇಕು, ಇದೆಲ್ಲ ನಿನ್ನ ಪಾಡಿನಿಂದ ನನಗೆ ಬಂದದ್ದು. ಹೋದ ತಿಂಗಳು ಬೀದಿಗೆಲ್ಲ ವಾಂತಿಭೇದಿ ಬಂದಾಗ ನಮ್ಮ ಹೊಸ್ತಿಲು ದಾಟಲಿಲ್ಲ. ಏನೂ ಕೊಡಲಿಲ್ಲ ಅಂತ ಕೊರಗಬೇಡ. ಕೊಟ್ಟಿದ್ದೀಯಾ.

ಊದಿದ ಮೊಣಕಾಲಿಗೂ ಸೇರಿಸಿ ನಮಸ್ಕಾರ,
ನಿನ್ನ ಕಡ್ಡಿ

ಮರೆತೆ: ಭಾನುವಾರ ನಿನ್ನ ಅಳಿಯ ನಿನ್ನನ್ನು ಕರೆತರಲು ಬರುತ್ತಾರೆ, ಬೇಡ ಅನ್ನಬೇಡ. ಧೈರ್ಯ ಹೇಳುವವರು ಇಲ್ಲಿ ಬೇಕಾದಷ್ಟು ಜನ ಇದ್ದಾರೆ. ಜೊತೆಗೆ ಕೂತು ಹೆದರುವುದಕ್ಕೆ ನೀನೇ ಬೇಕು.